ಮಾಲೀಕರ ಪರಿಶೀಲನೆಯಲ್ಲಿದೆ

ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ವಿಚಿತ್ರವೊಂದು ಮೊದಲ ಸಲ ನಡೆದಾಗ ಎಲ್ಲರೂ ಹೆದರಿದ್ದೆವು. ಈಗ ವಾರಕ್ಕೊಂದಾದರೂ ಆಗದಿದ್ದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಏನೋ ಕಳೆದುಕೊಂಡ ಹಾಗೆ ಇರುತ್ತದೆ.

ತಮಿಳು ಸೀಮೆಯಲ್ಲಿ, ಗಿಂಡಿಯ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಕಂಪನಿ ನಡೆಸುವ ಶಾಲೆ ನಮ್ಮದು. ಕಂಪನಿ ಪಂಪುಗಳ ಬಿಡಿಭಾಗ ಮಾಡುತ್ತದೆ, ಅದರ ಟ್ರಸ್ಟು ಮಕ್ಕಳಿಗೆ ಪಾಠ ಮಾಡಿಸುತ್ತದೆ. ಹೀಗಾಗಿ ನಮ್ಮ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವೇಳಾಪಟ್ಟಿ ಎಲ್ಲವೂ ಇರುವುದು ಎರಡು ಬೀದಿ ಆಚೆಯ ಮುಖ್ಯ ಕಚೇರಿಯ ಸರ್ವರಿನಲ್ಲಿ. ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಶನಿವಾರ ಕನ್ನಡದ ಮನೆಗಳಿಂದ ಬರುವ ಹನ್ನೊಂದು ಮಕ್ಕಳಿಗೆ ಕನ್ನಡವನ್ನೂ ಕಲಿಸುತ್ತೇನೆ. ನನ್ನ ಯಜಮಾನರು ಇದೇ ಶಾಲೆಯಲ್ಲಿ ಗಣಿತದ ಮೇಷ್ಟರಾಗಿದ್ದರು. ಇಡೀ ಶಾಲೆಯ ವೇಳಾಪಟ್ಟಿ ಹಾಕುತ್ತಿದ್ದವರೂ ಅವರೇ. ಹೋದ ಆಷಾಢದ ಒಂದು ಮಂಗಳವಾರ ಎಂಟನೇ ತರಗತಿಯ ಬೋರ್ಡಿನ ಮೇಲೆ ಒಂದು ಲೆಕ್ಕವನ್ನು ಅರ್ಧ ಬರೆದು ಕುರ್ಚಿಯಲ್ಲಿ ಕುಳಿತರು, ಮತ್ತೆ ಏಳಲಿಲ್ಲ. ಆ ವಿಷಯ ಇಲ್ಲಿ ಇಷ್ಟು ಸಾಕು.

ಅದಾದ ಎರಡು ತಿಂಗಳಿಗೆ ಮುಖ್ಯ ಕಚೇರಿಯವರು ಸರ್ವರಿಗೆ ಒಂದು ಹೊಸ ವ್ಯವಸ್ಥೆ ಹಾಕಿದರು. ಅದು ಪ್ರತಿಯೊಂದು ಫೈಲನ್ನೂ ತಾನೇ ತೆರೆದು ಓದುತ್ತದೆ. ಓದಿ, ಸಾರ್ವಜನಿಕ, ಆಂತರಿಕ, ಗೋಪ್ಯ, ಅತಿ ಗೋಪ್ಯ ಎಂಬ ನಾಲ್ಕು ಮುದ್ರೆಗಳಲ್ಲಿ ಒಂದನ್ನು ಒತ್ತುತ್ತದೆ. ಮುದ್ರೆಯ ಪ್ರಕಾರ ಯಾರು ತೆರೆಯಬಹುದು, ಯಾರು ತೆರೆಯಬಾರದು ಎಂದು ಅದೇ ನಿರ್ಧರಿಸುತ್ತದೆ. ಹಗಲೆಲ್ಲ ಯಾರೋ ಸದ್ದಿಲ್ಲದೆ ನಮ್ಮ ಕಪಾಟುಗಳನ್ನು ತೆರೆದು, ನೋಡಿ, ಕೆಲವಕ್ಕೆ ಬೀಗ ಹಾಕಿಕೊಂಡು ಹೋಗುತ್ತಿದ್ದಾರೆ ಎಂದುಕೊಳ್ಳಿ. ಯಾರೆಂದು ಕೇಳಿದರೆ ಉತ್ತರ ಒಂದೇ: ಯಾರೂ ಅಲ್ಲ.

೧. ಖಾಲಿ ಫೋಲ್ಡರು

ಮೊದಲು ಹೆದರಿದವರು ನಮ್ಮ ಪಿ.ಟಿ. ಮಾಸ್ಟರು. ಹೊಸೂರಿನ ಕಡೆಯವರು, ಆರಡಿ ಎತ್ತರ, ಅರ್ಧ ಕನ್ನಡ ಅರ್ಧ ತಮಿಳು. ಕ್ರೀಡಾಕೂಟಕ್ಕೆ ತಂಡ ಮಾಡಬೇಕೆಂದು ಅವರು ತಮ್ಮ ಫೋಲ್ಡರು ತೆರೆದರೆ ಒಳಗೆ ಏನೂ ಇಲ್ಲ.

"ಟೀಚರ್, ನನ್ನ ಫೈಲೆಲ್ಲ ಯಾರೋ ಅಳಿಸಿಬಿಟ್ಟವ್ರೆ."

ನಾನು ಪಕ್ಕದ ಕಂಪ್ಯೂಟರಿನಲ್ಲಿ ನನ್ನ ಹೆಸರಿನಿಂದ ಅದೇ ಫೋಲ್ಡರು ತೆರೆದೆ. ನಲವತ್ತೊಂದು ಫೈಲುಗಳು. ಅವರು ಎದ್ದು ಬಂದು ನನ್ನ ಹಿಂದೆ ನಿಂತು ನೋಡಿದರು. ಇದ್ದವು. ತಮ್ಮ ಜಾಗಕ್ಕೆ ಹೋಗಿ ನೋಡಿದರು. ಇರಲಿಲ್ಲ. ಮೂರು ಸಲ ಹೀಗೆ ಓಡಾಡಿದ ಮೇಲೆ ಅವರ ದನಿ ಸಣ್ಣದಾಯಿತು.

"ನೀವು ಕೂತ್ರೆ ಇರ್ತವೆ, ನಾನು ಕೂತ್ರೆ ಎದ್ದು ಹೋಗ್ತವೆ. ರೂಮಲ್ಲಿ ಯಾರೋ ಮಾತಾಡೋ ಸದ್ದು ಕೇಳ್ತದೆ, ಬಾಗಿಲು ತೆಗೆದ್ರೆ ಯಾರೂ ಇಲ್ಲ, ಹಂಗೆ."

ಮುಖ್ಯ ಕಚೇರಿಯಲ್ಲಿ ಈ ವ್ಯವಸ್ಥೆ ನೋಡಿಕೊಳ್ಳುವ ಒಬ್ಬ ಹೆಂಗಸಿದ್ದಾರೆ. ನಾವೆಲ್ಲ ಅವರನ್ನು ಕಂಪ್ಯೂಟರ್ ಮೇಡಂ ಎನ್ನುತ್ತೇವೆ. ಐವತ್ತು ದಾಟಿದವರು, ತಮಿಳಿನವರು, ಯಾವುದಕ್ಕೂ ಗಾಬರಿಯಾಗದವರು. ಫೋನು ಮಾಡಿದೆವು.

"ಯಾರಿಗೆ ಹಕ್ಕಿಲ್ಲವೋ ಅವರಿಗೆ ಫೈಲು ಕಾಣಿಸುವುದೇ ಇಲ್ಲ, ಅಷ್ಟೇ," ಎಂದರು ಅವರು.

"ಮೇಡಂ, ಅದು ನಾನೇ ಮಾಡಿದ ಫೈಲು."

"ಇರಬಹುದು ಮಾಸ್ಟರ್. ಅದರಲ್ಲಿ ಮಕ್ಕಳ ಎತ್ತರ, ತೂಕ ಇದೆ. ಅದು ಆರೋಗ್ಯದ ಮಾಹಿತಿ. ವ್ಯಾಯಾಮ ವಿಭಾಗಕ್ಕೆ ಆರೋಗ್ಯದ ಮಾಹಿತಿ ನೋಡುವ ಹಕ್ಕಿಲ್ಲ."

"ಟೀಚರಿಗೆ ಹೆಂಗೆ ಇದೆ?"

ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು. "ಗೊತ್ತಿಲ್ಲ. ಯಂತ್ರಕ್ಕೆ ಅವರ ಮೇಲೆ ನಂಬಿಕೆ ಇದೆ."

ಆ ಸಲದ ತಂಡಗಳನ್ನು ನಾನು ಪರದೆ ನೋಡಿ ಓದುತ್ತಾ ಹೋದೆ, ಮಾಸ್ಟರು ಪರದೆಗೆ ಬೆನ್ನು ತಿರುಗಿಸಿ ಕುಳಿತು ಬರೆದುಕೊಂಡರು. ನೋಡುವ ಹಕ್ಕಿಲ್ಲ ಎಂದಿದ್ದರು, ಕೇಳುವ ಹಕ್ಕಿಲ್ಲ ಎಂದಿರಲಿಲ್ಲ.

೨. ಅಜ್ಜಿಯ ವಿಷಯ

ಶನಿವಾರದ ಕನ್ನಡ ತರಗತಿಯಲ್ಲಿ 'ನನ್ನ ಅಜ್ಜಿ' ಎಂಬ ಪ್ರಬಂಧ ಬರೆಸಿ, ಮಕ್ಕಳ ಕೈಯಲ್ಲೇ ಟೈಪು ಮಾಡಿಸಿ ಸರ್ವರಿಗೆ ಹಾಕಿದ್ದೆ. ಆರನೇ ತರಗತಿಯ ಒಬ್ಬ ಹುಡುಗಿಯ ತಂದೆ, ರೈಲ್ವೆಯಲ್ಲಿ ಕೆಲಸ, ಒಂದು ದಿನ ಬಂದರು. ಅವರ ತಾಯಿ ತುಮಕೂರಿನಲ್ಲಿದ್ದಾರೆ. ಮಗಳು ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಬೇಕೆಂದು ಅವರ ಆಸೆ. "ಮನೇಲಿ ನಾವು ಕನ್ನಡದಲ್ಲಿ ಕೇಳಿದ್ರೆ ಇವಳು ತಮಿಳಲ್ಲಿ ಉತ್ತರ ಕೊಡ್ತಾಳೆ ಮೇಡಂ. ಕನ್ನಡದಲ್ಲಿ ಒಂದು ಪುಟ ಬರೆದಿದ್ದಾಳೆ ಅಂದ್ರೆ ಅಮ್ಮ ನಂಬಲ್ಲ."

ತೆರೆಯಲು ಹೋದರೆ ಹನ್ನೊಂದು ಪ್ರಬಂಧಗಳಿಗೂ 'ಅತಿ ಗೋಪ್ಯ' ಎಂಬ ಕೆಂಪು ಮುದ್ರೆ. ಕಾರಣದ ಜಾಗದಲ್ಲಿ ಹೀಗಿತ್ತು: ಅಪರಿಚಿತ ಗೂಢಲಿಪಿ. ಆ ಯಂತ್ರಕ್ಕೆ ಕನ್ನಡ ಬರುವುದಿಲ್ಲ. ತನಗೆ ಓದಲು ಬಾರದ್ದನ್ನು ಯಾರೂ ಓದಬಾರದು ಎಂದು ಅದು ತೀರ್ಮಾನಿಸಿತ್ತು.

ಹೊರಗಿನವರು ಓದಬೇಕಾದರೆ ತುಂಬಬೇಕಾದ ಒಂದು ನಮೂನೆ ಇತ್ತು. ಅವರು ಶ್ರದ್ಧೆಯಿಂದ ತುಂಬಿದರು. 'ಫೈಲಿನಲ್ಲಿರುವ ವ್ಯಕ್ತಿಗೂ ನಿಮಗೂ ಸಂಬಂಧ' ಎಂದಿದ್ದಲ್ಲಿ 'ಮಗ' ಎಂದು ಬರೆದರು. ಅರ್ಧ ನಿಮಿಷದಲ್ಲಿ ಉತ್ತರ ಬಂತು. ಸ್ವಹಿತಾಸಕ್ತಿ ಇರುವುದರಿಂದ ಅನುಮತಿ ಇಲ್ಲ.

೩. ಗೈರುಹಾಜರಿ

ನವರಾತ್ರಿಯ ರಜೆ ಕಳೆದು ಬಂದ ದಿನ ಪ್ರಾಂಶುಪಾಲರು ಕರೆಸಿದರು. ಅವರಿಗೆ ನಿವೃತ್ತಿ ಹತ್ತಿರ, ಮಾತು ಕಡಿಮೆ. ಮೇಜಿನ ಮೇಲೆ ಮೂರು ಕಾಗದಗಳನ್ನು ಬೋರಲು ಹಾಕಿಟ್ಟುಕೊಂಡಿದ್ದರು.

"ಟೀಚರ್, ಇದನ್ನು ನಿಮಗೆ ತೋರಿಸಬಾರದು ಅಂತಲೇ ಇದ್ದೆ. ಈಗ ನನಗೇ ನೋಟಿಸ್ ಬರುತ್ತೆ ಅಂತಿದೆ."

ತಿರುಗಿಸಿ ಓದಿದೆ. ನಿಮ್ಮ ಶಾಲೆಯ ಗಣಿತ ಶಿಕ್ಷಕರು ಫೈಲು ಸುರಕ್ಷತೆಯ ತರಬೇತಿಗೆ ಮೂರು ಸಲ ಗೈರುಹಾಜರಾಗಿದ್ದಾರೆ. ಅವರ ಹೆಸರಿನಲ್ಲಿರುವ ಫೈಲುಗಳನ್ನು ಅವರು ಇನ್ನೂ ಪರಿಶೀಲಿಸಿಲ್ಲ. ಕಾರಣ ಕೇಳಿ ತಿಳಿಸುವುದು.

"ತೀರಿಕೊಂಡಿದ್ದಾರೆ ಅಂತ ಎರಡು ಸಲ ಬರೆದೆ. 'ನಿಮ್ಮ ಉತ್ತರ ಪಟ್ಟಿಯಲ್ಲಿಲ್ಲ' ಅಂತ ವಾಪಸ್ ಬರುತ್ತೆ."

ಪಟ್ಟಿಯನ್ನು ಪರದೆಯ ಮೇಲೆ ತೋರಿಸಿದರು. ಅದರಲ್ಲಿ ನಾಲ್ಕೇ ಕಾರಣಗಳಿದ್ದವು: ಅನಾರೋಗ್ಯ, ರಜೆ, ಅಧಿಕೃತ ಪ್ರವಾಸ, ಆಸಕ್ತಿ ಇಲ್ಲ.

ಇಬ್ಬರೂ ಒಂದೊಂದನ್ನಾಗಿ ತೂಗಿ ನೋಡಿದೆವು. ಅನಾರೋಗ್ಯ ಎನ್ನುವ ಹಾಗಿರಲಿಲ್ಲ, ಅದು ಮುಗಿದ ಮಾತು. ಅರ್ಜಿ ಕೊಡದೆ ಅವರು ರಜೆ ಹಾಕಿದವರಲ್ಲ. ಆಸಕ್ತಿ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಯಾವ ತರಬೇತಿಗಾದರೂ ಮೊದಲ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡವರು ಅವರೊಬ್ಬರೇ.

"ಅಧಿಕೃತ ಪ್ರವಾಸ ಅಂತ ಒತ್ತಿ," ಎಂದೆ.

ಪ್ರಾಂಶುಪಾಲರು ಒತ್ತಿದರು. ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಹಿಂತಿರುಗುವ ದಿನಾಂಕವನ್ನು ನಮೂದಿಸಿ.

೪. ಇನ್ನೂರ ಹನ್ನೆರಡನೆಯದು

ಪ್ರಾಂಶುಪಾಲರು ಫೋನು ಮಾಡಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದ್ದರಿಂದ ಮಾರನೆಯ ದಿನ ಕಂಪ್ಯೂಟರ್ ಮೇಡಂ ಸ್ವತಃ ಬಂದರು. ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಊಟದ ಕ್ಯಾರಿಯರು. ನನ್ನ ಯಜಮಾನರ ಹೆಸರನ್ನು ಹುಡುಕಿ ತೆಗೆದರು. ಹೆಸರಿನ ಪಕ್ಕ ಹಸಿರು ಚುಕ್ಕಿ ಇತ್ತು.

"ಸಾರ್ ಇನ್ನೂ ಇರುಕ್ಕಾರ್ ಟೀಚರ್," ಎಂದರು. ಸಾರ್ ಇನ್ನೂ ಇದ್ದಾರೆ ಎಂದು. ಹೇಳಿದ ಮೇಲೆ ಹೇಳಿದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡರು.

ಸಾವಿಗೆ ಅವರ ಪಟ್ಟಿಯಲ್ಲಿಯೂ ಜಾಗ ಇರಲಿಲ್ಲ. ಹತ್ತಿರದ್ದು ನಿವೃತ್ತಿ. ಅದನ್ನೇ ಒತ್ತಿದರು. ಹಸಿರು ಚುಕ್ಕಿ ಬೂದು ಬಣ್ಣಕ್ಕೆ ತಿರುಗಿತು. ಕೂಡಲೇ ಯಂತ್ರ ಹೇಳಿತು: ನಿವೃತ್ತರ ಫೈಲುಗಳನ್ನು ತೊಂಬತ್ತು ದಿನಗಳಲ್ಲಿ ಅಳಿಸಲಾಗುವುದು. ಬೇಕಾದವರು ಅಷ್ಟರೊಳಗೆ ಅನುಮತಿ ಪಡೆಯಬೇಕು. ಅದರ ಬೆನ್ನಿಗೆ ಒಂದು ಪಟ್ಟಿ ಬಂತು.

ಒಟ್ಟು ಇನ್ನೂರ ಹನ್ನೆರಡು ಫೈಲುಗಳು. ಇನ್ನೂರ ಹನ್ನೊಂದು ನನಗೆ ಗೊತ್ತಿದ್ದವೇ: ವೇಳಾಪಟ್ಟಿಗಳು, ಕಿರುಪರೀಕ್ಷೆಗಳು, ರೇಖಾಗಣಿತದ ಚಿತ್ರಗಳು. ಕೊನೆಯದಕ್ಕೆ ಕೆಂಪು ಮುದ್ರೆ ಇತ್ತು. ಅತಿ ಗೋಪ್ಯ. ಇಡೀ ಪಟ್ಟಿಯಲ್ಲಿ ಅದೊಂದರ ಹೆಸರು ಮಾತ್ರ ಕನ್ನಡ ಅಕ್ಷರದಲ್ಲಿತ್ತು. ಮೇಡಂ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಏನು ಬರೆದಿದೆ ಟೀಚರ್?"

"ಅವಳು," ಎಂದು ಓದಿದೆ.

ತಮಿಳಿಗೂ ಕನ್ನಡಕ್ಕೂ ಆ ಪದದಲ್ಲಿ ಹೆಚ್ಚು ದೂರವಿಲ್ಲ. ಮೇಡಂ ಕ್ಯಾರಿಯರಿನ ಹಿಡಿಯನ್ನು ಸುಮ್ಮನೆ ಸರಿಪಡಿಸಿದರು. ತಮಗೂ ಅದನ್ನು ತೆರೆಯಲಾಗುವುದಿಲ್ಲ, ಅತಿ ಗೋಪ್ಯವನ್ನು ಮಾಲೀಕರು ಒಪ್ಪಿದರೆ ಮಾತ್ರ ತೋರಿಸುತ್ತದೆ ಎಂದರು.

ಇಪ್ಪತ್ತಾರು ವರ್ಷ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು ನಾವು. ಅವರ ಚಪ್ಪಲಿ ಯಾವ ಕಡೆ ಸವೆಯುತ್ತದೆ ಎಂಬುದೂ ನನಗೆ ಗೊತ್ತಿತ್ತು. ನನಗೆ ಗೊತ್ತಿಲ್ಲದ ಒಬ್ಬಳು ಸರ್ವರಿನಲ್ಲಿ ಕೆಂಪು ಮುದ್ರೆಯ ಹಿಂದೆ ಕುಳಿತಿದ್ದಾಳೆ, ತೊಂಬತ್ತು ದಿನ ಕಳೆದರೆ ಹೇಳದೆ ಎದ್ದು ಹೋಗುತ್ತಾಳೆ. ನೋಡಲೇಬೇಕು ಎಂದು ಬೆಳಗ್ಗೆ ಅನ್ನಿಸುತ್ತಿತ್ತು, ನೋಡಬಾರದು ಎಂದು ಸಂಜೆ.

ಪಿ.ಟಿ. ಮಾಸ್ಟರು ಸಮಾಧಾನ ಮಾಡಲು ಬಂದರು. "ತಪ್ಪು ತಿಳ್ಕೋಬೇಡಿ ಟೀಚರ್. ಸಾರ್ ಲೆಕ್ಕದೋರು. ಲೆಕ್ಕದಲ್ಲಿ ಅವಳು ಅಂತ ಏನೋ ಒಂದು ಇರ್ತದೆ."

"ಇಲ್ಲ ಮಾಸ್ಟರ್."

ಅವರು ಯೋಚಿಸಿದರು. "ಬೀಜಗಣಿತದಲ್ಲೂ ಇಲ್ವಾ?"

೫. ಹತ್ತು ನಲವತ್ತು

ಆ ಪಟ್ಟಿಯನ್ನು ನಾನು ದಿನಕ್ಕೊಂದು ಸಲ ತೆರೆದು ನೋಡುತ್ತಿದ್ದೆ. ಐದನೆಯ ದಿನ ಒಂದು ಅಂಕಣ ಕಣ್ಣಿಗೆ ಬಿತ್ತು. ಕೊನೆಯ ಸಲ ತೆರೆದದ್ದು: ಇಂದು, ಹತ್ತು ನಲವತ್ತು. ತೆರೆದವರು ಎಂಬಲ್ಲಿ ನನ್ನ ಯಜಮಾನರ ಹೆಸರು.

ಮಾರನೆಯ ದಿನವೂ ಹತ್ತು ನಲವತ್ತು. ಅದರ ಮಾರನೆಯ ದಿನವೂ.

ಹತ್ತು ನಲವತ್ತಕ್ಕೆ ನಮ್ಮಲ್ಲಿ ಸಣ್ಣ ಬಿಡುವು. ಆ ಹದಿನೈದು ನಿಮಿಷದಲ್ಲಿ ನಾವಿಬ್ಬರೂ ಒಂದು ಫ್ಲಾಸ್ಕಿನ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದೆವು. ನಾನು ದೆವ್ವವನ್ನು ನಂಬುವವಳಲ್ಲ. ಆದರೂ ಗಂಟೆ ಹೊಡೆಯುವ ಮೊದಲೇ ಆ ಕಂಪ್ಯೂಟರಿನ ಮುಂದೆ ಹೋಗಿ ಕೂರುವುದನ್ನು ಬಿಡಲಾಗಲಿಲ್ಲ. ಹತ್ತು ಮೂವತ್ತೊಂಬತ್ತರಲ್ಲಿ ಹಿಂದಿನ ದಿನದ ತಾರೀಕು ಇರುತ್ತಿತ್ತು. ಒಂದು ನಿಮಿಷ ಕಳೆದು ನೋಡಿದರೆ ಇಂದಿನ ತಾರೀಕು. ಕುರ್ಚಿ ಎಳೆದ ಸದ್ದಿಲ್ಲ, ಏನೂ ಇಲ್ಲ.

ಸುದ್ದಿ ಹರಡಿ, ಉಳಿದವರು ಆ ಕಂಪ್ಯೂಟರನ್ನು ಮುಟ್ಟುವುದನ್ನು ನಿಲ್ಲಿಸಿದರು. ಪಿ.ಟಿ. ಮಾಸ್ಟರು ಮಾತ್ರ ಸುಮ್ಮನಿರಲಿಲ್ಲ. ವಡಪಳನಿಯ ದೇವಸ್ಥಾನದಿಂದ ಒಂದು ಪೊಟ್ಟಣ ತಂದರು. "ಸಾರ್ ಒಳ್ಳೆಯೋರೇ ಟೀಚರ್. ಆದ್ರೂ ಈ ಥರ ಅಲೀಬಾರದು, ಅವ್ರಿಗೇ ಆಯಾಸ."

ಮಾರನೆಯ ದಿನ ಹತ್ತು ನಲವತ್ತಕ್ಕೆ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಎಲ್ಲರೂ ಮಾಸ್ಟರನ್ನು ಹೊಗಳಿದರು. ನಾನು ಫ್ಲಾಸ್ಕು ಬಿಚ್ಚಲಿಲ್ಲ.

ಮೂರನೆಯ ದಿನ ಕಂಪ್ಯೂಟರ್ ಮೇಡಂ ಫೋನು ಮಾಡಿದರು. ವಿಷಯ ಕೇಳಿ ವಿವರಿಸಿದರು: ಯಂತ್ರ ದಿನಕ್ಕೊಮ್ಮೆ ಎಲ್ಲ ಫೈಲುಗಳನ್ನೂ ತೆರೆದು ನೋಡುತ್ತದೆ, ತೆರೆಯುವಾಗ ಆಯಾ ಮಾಲೀಕರ ಹೆಸರು ಹಾಕಿಕೊಂಡೇ ತೆರೆಯುತ್ತದೆ. ನಮ್ಮ ಶಾಲೆಯ ಸರದಿ ಹತ್ತು ನಲವತ್ತಕ್ಕೆ, ಆಗ ನಾವು ಯಾರೂ ಕಂಪ್ಯೂಟರು ಬಳಸುವುದಿಲ್ಲವೆಂದು. "ಆದರೆ ಎರಡು ದಿನದಿಂದ ನಿಮ್ಮ ಶಾಲೆಗೆ ಸಂಪರ್ಕವೇ ಸಿಗುತ್ತಿಲ್ಲ, ನಿಮ್ಮ ಪರದೆಯಲ್ಲಿ ನಿಂತಿರುವುದು ಹಳೆಯ ಪಟ್ಟಿ. ಅಲ್ಲಿ ಯಾರಾದರೂ ಏನಾದರೂ ಮಾಡಿದಿರಾ?"

ನಾನು ಫೋನನ್ನು ಮಾಸ್ಟರಿಗೆ ಕೊಟ್ಟೆ.

"ಸ್ವಲ್ಪ ವಿಭೂತಿ, ಮೇಡಂ."

"ಎಲ್ಲಿ ಹಚ್ಚಿದಿರಿ?"

"ಹಚ್ಚಲಿಲ್ಲ. ಆ ಗೋಡೆ ಮೇಲೆ ದೀಪ ಮಿಣಕ್ ಮಿಣಕ್ ಅನ್ನೋ ಡಬ್ಬ ಇದೆಯಲ್ಲ, ಅದರ ತೂತುಗಳೊಳಗೆ ಹಾಕಿದೆ."

೬. ಸಾರ್ ಏನಂದ್ರು?

ಹೊಸ ಡಬ್ಬ ಬಂದ ದಿನ ನಾನು ಧೈರ್ಯ ಮಾಡಿ 'ಅವಳು' ಫೈಲಿನ ಮುಂದಿದ್ದ 'ಅನುಮತಿ ಕೋರಿ' ಎಂಬುದನ್ನು ಒತ್ತಿದೆ. ಉತ್ತರ ಬಂತು. ನಿಮ್ಮ ಕೋರಿಕೆಯನ್ನು ಮಾಲೀಕರಿಗೆ ಕಳಿಸಲಾಗಿದೆ. ಅದು ಅವರ ಪರಿಶೀಲನೆಯಲ್ಲಿದೆ.

ತಪ್ಪಾಗಿದೆ ಎಂದು ನನಗೆ ಗೊತ್ತಿತ್ತು. ಆದರೂ ಆ ಸಾಲನ್ನು ಹಲವು ಸಲ ಓದಿದೆ. ಮುಂದಿನ ದಿನ ನೋಡಿದರೂ ಅದೇ ಸಾಲು. ಮಾಲೀಕರ ಪರಿಶೀಲನೆಯಲ್ಲಿದೆ. ಹದಿನೈದು ದಿನವಾಯಿತು, ಒಂದು ತಿಂಗಳಾಯಿತು. ಪರೀಕ್ಷೆಗಳು ಬಂದವು, ಹೋದವು. ಅವರು ಎಲ್ಲೋ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ನನ್ನ ಅರ್ಜಿಯನ್ನು ಮುಂದಿಟ್ಟುಕೊಂಡು, ಕೊಡಲೋ ಬೇಡವೋ ಎಂದು ಯೋಚಿಸುತ್ತಿದ್ದಾರೆ ಎನ್ನುವ ಚಿತ್ರ ಸುಳ್ಳೆಂದು ಗೊತ್ತಿದ್ದೂ ಹೋಗಲಿಲ್ಲ. ರೈಲಿನಲ್ಲಿ ನಿಂತಿರುವಾಗ, ಸೈದಾಪೇಟೆ ಸೇತುವೆಯ ಮೇಲೆ, ಆ ಚಿತ್ರ ಇನ್ನೂ ಸ್ಪಷ್ಟವಾಗುತ್ತಿತ್ತು. ಯೋಚಿಸುತ್ತಿದ್ದಾರೆ ಎಂದರೆ ಅದರಲ್ಲಿ ಯೋಚಿಸುವಂಥದ್ದು ಏನೋ ಇದೆ ಎಂದಾಯಿತಲ್ಲ.

ಸ್ಟಾಫ್ ರೂಮಿಗೂ ಅದು ರೂಢಿಯಾಗಿಹೋಯಿತು. ನಾನು ಒಳಗೆ ಬಂದರೆ ಯಾರಾದರೊಬ್ಬರು ಪುಸ್ತಕದಿಂದ ತಲೆ ಎತ್ತದೆ, "ಸಾರ್ ಏನಂದ್ರು?" ಎನ್ನುತ್ತಿದ್ದರು.

"ನೋಡುತ್ತಿದ್ದಾರೆ," ಎನ್ನುತ್ತಿದ್ದೆ.

ಒಂದು ದಿನ ಪ್ರಾಂಶುಪಾಲರು ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡರೆ, ಅವರು ತಲೆಯಾಡಿಸಿದರು.

"ಇದ್ದಾಗಲೂ ಹಾಗೇ. ಒಂದು ಪೀರಿಯಡ್ ಬದಲಾಯಿಸಿ ಕೊಡಿ ಸಾರ್ ಅಂದರೆ 'ನೋಡ್ತಿದ್ದೀನಿ' ಅನ್ನುತ್ತಿದ್ದರು, ಆ ವರ್ಷವೇ ಮುಗಿದುಹೋಗುತ್ತಿತ್ತು."

೭. ನನ್ನ ಅರ್ಜಿ, ನನ್ನ ಮುಂದೆ

ಎಂಬತ್ತೆರಡನೆಯ ದಿನ ನನಗೆ ಒಂದು ಪತ್ರ ಬಂತು. ಮಾಲೀಕರು ಉತ್ತರಿಸದ ಕಾರಣ ಕೋರಿಕೆಯನ್ನು ಅವರು ನೇಮಿಸಿದ್ದ ಬದಲಿ ವ್ಯಕ್ತಿಗೆ ಕಳಿಸಲಾಗಿದೆ. ಆ ಬದಲಿ ವ್ಯಕ್ತಿ ನಾನು. ಹಿಂದೆ ಒಮ್ಮೆ ಅವರು ಟೈಫಾಯ್ಡು ಬಂದು ಮಲಗಿದ್ದಾಗ ವೇಳಾಪಟ್ಟಿ ನೋಡಿಕೊಳ್ಳಲೆಂದು ಮುಖ್ಯ ಕಚೇರಿಗೆ ನನ್ನ ಹೆಸರು ಕೊಟ್ಟಿದ್ದರು, ಆಮೇಲೆ ತೆಗೆದಿರಲಿಲ್ಲ.

ಪತ್ರದಲ್ಲಿ ಮೂರು ಪ್ರಶ್ನೆಗಳಿದ್ದವು. ಅರ್ಜಿ ಹಾಕಿರುವ ಈ ಶಿಕ್ಷಕಿಯನ್ನು ನೀವು ಬಲ್ಲಿರಾ? ಇವರಿಗೆ ಈ ಫೈಲು ನಿಜವಾಗಿ ಅಗತ್ಯವೇ? ಇವರು ಇದನ್ನು ನೋಡುವುದು ಮಾಲೀಕರಿಗೆ ಒಪ್ಪಿಗೆಯಾಗುತ್ತಿತ್ತೇ? ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಒತ್ತಬೇಕು.

ಕಂಪ್ಯೂಟರ್ ಮೇಡಂಗೆ ಫೋನು ಮಾಡಿದೆ. "ನನ್ನ ಅರ್ಜಿಗೆ ನಾನೇ ಒಪ್ಪಿಗೆ ಕೊಡುವುದು ಸರಿಯಲ್ಲ. ಮಕ್ಕಳಿಗೆ ಅವರವರ ಉತ್ತರಪತ್ರಿಕೆಯನ್ನು ಅವರೇ ತಿದ್ದಲು ಕೊಡುವುದಿಲ್ಲ."

"ಟೀಚರ್, ಇಲ್ಲಿ ಮ್ಯಾನೇಜರುಗಳೆಲ್ಲ ದಿನಾ ಅದನ್ನೇ ಮಾಡುತ್ತಾರೆ. ಒತ್ತಿಬಿಡಿ."

"ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲ."

"ಇನ್ನು ಎಂಟು ದಿನ ಇದೆ," ಎಂದರು ಮೇಡಂ, ಮೆಲ್ಲಗೆ.

ಮೂರು ದಿನ ತೆಗೆದುಕೊಂಡೆ. ಒಳಗಿರುವವಳು ಯಾರೇ ಆಗಲಿ, ಅವಳನ್ನು ನೋಡದೆ ಅಳಿಸಲು ಬಿಟ್ಟರೆ ಉಳಿದ ಬದುಕೆಲ್ಲ ಆ ಮೂರು ಅಕ್ಷರಗಳ ಮುಂದೆ ಕೂತಿರಬೇಕಾಗುತ್ತದೆ ಎಂದು ಕೊನೆಗೆ ತೀರ್ಮಾನವಾಯಿತು. ಎಲ್ಲರೂ ಊಟಕ್ಕೆ ಹೋದಾಗ ಹೌದು, ಹೌದು ಎಂದು 	ಎರಡು ಸಲ ಒತ್ತಿದೆ. ಮೂರನೆಯದಕ್ಕೂ ಹೌದು ಎಂದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಉತ್ತರ ಗೊತ್ತಿಲ್ಲದೆ ಗುರುತು ಹಾಕಿದ್ದು ಅದೊಂದೇ ಸಲ.

ಫೈಲು ತೆರೆದುಕೊಂಡಿತು. ತುಂಬಾ ಅಂಕಿಗಳು. ಸಾಲಿಗೆ ಹದಿನಾರು, ನಾಲ್ಕು ನಾಲ್ಕಾಗಿ. ಯಂತ್ರ ಅವನ್ನು ಬ್ಯಾಂಕ್ ಕಾರ್ಡುಗಳ ನಂಬರು ಎಂದುಕೊಂಡು ಕೆಂಪು ಮುದ್ರೆ ಒತ್ತಿತ್ತು. ನನಗೂ ಮೊದಲು ಅರ್ಥವಾಗಲಿಲ್ಲ. 0705 0714 0724 0738. ಅವರು ಮೇಲೆ ಬರೆದಿದ್ದ ನಾಲ್ಕು ಶೀರ್ಷಿಕೆಗಳನ್ನು ಓದಿದಾಗ ಅರ್ಥವಾಯಿತು: ನಾನು ಬೂಟು ಹಾಕಿ ಬಾಗಿಲಲ್ಲಿ ನಿಂತದ್ದು. ಅವಳು ಬೀಗ ಹಾಕಿದ್ದು. ಸಿಕ್ಕಿದ ರೈಲು. ಶಾಲೆಯ ಗೇಟು.

ಹನ್ನೊಂದು ವರ್ಷ. ನಮ್ಮ ವೆಸ್ಟ್ ಮಾಂಬಲಂ ಮನೆಯಿಂದ ನಾವಿಬ್ಬರೂ ಶಾಲೆಗೆ ಹೊರಟ ಪ್ರತಿಯೊಂದು ದಿನ. ಕೊನೆಯ ಅಂಕಣದಲ್ಲಿ ಕಾರಣ, ಕನ್ನಡದಲ್ಲಿ.

ಗ್ಯಾಸು ಆರಿಸಿದ್ದೇನೆಯೇ ಎಂದು ನೋಡಲು ಮತ್ತೆ ಮೇಲೆ ಹೋದಳು. ಆರಿಸಿದ್ದಳು.

ಬೀಗವನ್ನು ನಾಲ್ಕು ಸಲ ಎಳೆದು ನೋಡಿದಳು.

ಕೊಡೆ ತರಲು ಹೋದಳು. ಮಳೆ ಬರಲಿಲ್ಲ.

ಕೊಡೆ ತರಲು ಹೋದಳು. ಮಳೆ ಬಂತು. ಅವಳೇ ಸರಿ.

ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪ್ರತಿ ವರ್ಷದ ಕೊನೆಗೆ ಸರಾಸರಿ ತೆಗೆದಿದ್ದರು. ಒಂಬತ್ತು ನಿಮಿಷ, ಒಂಬತ್ತೂವರೆ, ಮತ್ತೆ ಒಂಬತ್ತು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ನಾನು ಅವರಿಗಿಂತ ಮೊದಲು ಹೊರಟು ನಿಂತಿದ್ದೆ. ಅಲ್ಲಿ ಬರೆದಿದ್ದರು: ಗಡಿಯಾರದ ದೋಷ ಇರಬಹುದು. ಈ ದಿನವನ್ನು ಸರಾಸರಿಗೆ ಸೇರಿಸಿಲ್ಲ.

ಕೊನೆಯ ಸಾಲು ಆ ಮಂಗಳವಾರದ್ದು. ಬೆಳಗ್ಗೆ ಶಾಲೆಗೆ ಬಂದ ಕೂಡಲೇ ಬರೆದಿದ್ದಾರೆ. ನಾಲ್ಕೇ ನಿಮಿಷ ತಡ. ಸುಧಾರಣೆ ಇದೆ.

ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಫೋನು ಬಂತು. ಕಂಪ್ಯೂಟರ್ ಮೇಡಂ. ಒಪ್ಪಿಗೆ ಸಿಕ್ಕಿತೆಂದು ಅವರಿಗೆ ತಿಳಿದಿತ್ತು. ಇನ್ನು ಫೈಲು ನನ್ನ ಹೆಸರಿಗೆ ಬಂದಿದೆ, ಅಳಿಯುವುದಿಲ್ಲ ಎಂದರು. "ಒಳಗೆ ಕಾರ್ಡ್ ನಂಬರ್ ಇಲ್ಲದಿದ್ದರೆ ಹೇಳಿ ಟೀಚರ್. ಮುದ್ರೆ ತಪ್ಪು ಅಂತ ತೆಗೆದುಬಿಡುತ್ತೇನೆ. ಯಾರು ಬೇಕಾದರೂ ನೋಡಬಹುದು."

"ಬೇಡ," ಎಂದೆ. "ಅತಿ ಗೋಪ್ಯವೇ. ಹಾಗೇ ಇರಲಿ."

ಫೋನಿಟ್ಟು ತಿರುಗಿದರೆ ಪಿ.ಟಿ. ಮಾಸ್ಟರು ಬಾಗಿಲಲ್ಲಿ ನಿಂತಿದ್ದರು. ನನ್ನ ಕಣ್ಣು ಒದ್ದೆಯಾಗಿದ್ದದ್ದು ಅವರಿಗೆ ಕಂಡಿತು. ಬಹಳ ಕಷ್ಟಪಟ್ಟು ಕೇಳಿದರು. "ಯಾರು ಟೀಚರ್ ಅವಳು?"

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಹನ್ನೊಂದು ವರ್ಷ, ದಿನಾ ಬೆಳಗ್ಗೆ, ಅವರು ಒಬ್ಬ ಹೆಂಗಸಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರಂತೆ ಮಾಸ್ಟರ್. ಎಷ್ಟು ನಿಮಿಷ ಅಂತ ಬರೆದೂ ಇಟ್ಟಿದ್ದಾರೆ."

ಅವರ ಮುಖ ಇಳಿಯಿತು. ತಲೆ ತಗ್ಗಿಸಿ ಹೊರಟುಹೋದರು. ಅಂದಿನಿಂದ ಅವರು ನನ್ನ ಎದುರಿಗೆ ಸಾರ್ ಹೆಸರು ಎತ್ತುವುದಿಲ್ಲ. ಸಣ್ಣ ಬಿಡುವಿನಲ್ಲಿ ಕ್ಯಾಂಟೀನಿನಿಂದ ಒಂದು ಬಿಸಿ ಬಜ್ಜಿ ತಂದು ಮೇಜಿನ ಮೇಲಿಟ್ಟು, ಬಹಳ ಮರುಕದಿಂದ ನೋಡಿ ಹೋಗುತ್ತಾರೆ. ವಾರದಲ್ಲಿ ಆರು ದಿನ. ತಿಳಿಸಿ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಅವರಿಗೆ ಆ ಫೈಲು ನೋಡುವ ಹಕ್ಕಿಲ್ಲ.